ಮಗಳಿಗೆ 12 ತುಂಬುತ್ತೆ, ಎಲ್ಕ್ ಬೇಟೆಗೆ ಹೋಗ್ಬೇಕಂತೆ. ಎಲ್ಲಿಂದ ಶುರು ಮಾಡೋದು? (ಕೊಲೊರಾಡೊ)

ತುಮಕೂರ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರು ಕಡೆಯವ್ರು, ಫೋರ್ಟ್ ಕಾಲಿನ್ಸ್‌ಗೆ ಬಂದು ಏಳು ವರ್ಷ ಆಯ್ತು. ಮಗಳು ಇಲ್ಲೇ ಅಮೆರಿಕಾದಲ್ಲಿ ಹುಟ್ಟಿದವಳು, ಈಗ ಆರನೇ ಕ್ಲಾಸು, ಬರೋ ಆಗಸ್ಟ್‌ಗೆ 12 ತುಂಬುತ್ತೆ. ಅವಳ ಕ್ಲಾಸ್‌ಮೇಟ್ ಮನೆಯವ್ರು ಪ್ರತಿ ಅಕ್ಟೋಬರ್ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ ಜಾತಿ) ಬೇಟೆಗೆ ಹೋಗ್ತಾರೆ, ಹೋದ ಸಲ ಅವ್ರು ನಮಗೂ ಒಂದು ಪ್ಯಾಕೆಟ್ ಮಾಂಸ ಕೊಟ್ರು, ಬಿಳಿ ಪೇಪರ್ ಸುತ್ತಿ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆದು. ನಾನು ನಮ್ಮ ಮನೆ ಮಸಾಲೆ ಹಾಕಿ ಸಾರು ಮಾಡಿದೆ, ಮುದ್ದೆ ಜೊತೆ ಉಂಡ್ವಿ. ಅವತ್ತಿಂದ ಇವಳದ್ದು ಒಂದೇ ಹಠ, ನಾನೂ ಹೋಗ್ತೀನಿ, ತಿನ್ನೋದಾದ್ರೆ ಅದು ಎಲ್ಲಿಂದ ಬರುತ್ತೆ ಅಂತ ನೋಡ್ಬೇಕು ಅಂತಾಳೆ. ಆ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಫ್ರೆಂಡ್ ಅಪ್ಪ ಕರ್ಕೊಂಡು ಹೋಗೋಕೆ ರೆಡಿ ಇದ್ದಾರೆ, ತುಂಬಾ ಜವಾಬ್ದಾರಿ ಮನುಷ್ಯ. ಆದ್ರೆ ನಮಗೆ ಇದರ ಗಂಧ ಗಾಳಿ ಇಲ್ಲ. ನನ್ನ ಯಜಮಾನ್ರು ಇನ್ನೂ ಎಚ್ 1 ಬಿ ಕೆಲಸದ ವೀಸಾದಲ್ಲಿದ್ದಾರೆ, ನಾನು ಅವರ ಹೆಂಡತಿ ಅಂತ ಎಚ್ 4, ನಾವು ಗನ್ ಮುಟ್ಟಿದ್ರೇ ತಪ್ಪು ಅಂತ ಯಾರೋ ಹೇಳಿದ್ರು. ಲೈಸೆನ್ಸ್ ಯಾವಾಗ ತಗೋಬೇಕು, ಯಾವ ಗನ್ನು, ಅವಳು 38 ಕೇಜಿ ಇದ್ದಾಳೆ ಅಷ್ಟು ದೊಡ್ಡ ಪ್ರಾಣಿನ ಹೊಡೆಯೋ ಗನ್ ಹಿಡಿಯೋಕಾಗುತ್ತಾ? ಎಲ್ಲಕ್ಕಿಂತ ಮುಖ್ಯವಾಗಿ ಮಗು ಇದಕ್ಕೆ ರೆಡಿ ಇದೆಯಾ ಅಂತ ತಾಯಿಯಾದವಳಿಗೆ ಹೇಗೆ ಗೊತ್ತಾಗುತ್ತೆ? ಅನುಭವ ಇರೋರು ದಯವಿಟ್ಟು ಹೇಳಿ.

ರಾಮನಗರ_ಟು_ರಾಕೀಸ್

ಅಕ್ಕ, ನಾನು ಗ್ರ್ಯಾಂಡ್ ಜಂಕ್ಷನ್‌ನಲ್ಲಿದ್ದೀನಿ, ಒಂಬತ್ತು ವರ್ಷದಿಂದ ಬೇಟೆಗೆ ಹೋಗ್ತಿದ್ದೀನಿ, ಇಬ್ರು ಮಕ್ಕಳೂ ನನ್ನ ಜೊತೆನೇ ಕಲಿತಿದ್ದು. ಮೊದ್ಲು ಕಾಗದ ಪತ್ರದ ವಿಷಯ ಹೇಳ್ಬಿಡ್ತೀನಿ ಯಾಕಂದ್ರೆ ಅದಕ್ಕೆ ಗಡುವು ಇದೆ.

ಕೊಲೊರಾಡೊದಲ್ಲಿ ಎಲ್ಕ್, ಜಿಂಕೆ ಥರದ ದೊಡ್ಡ ಪ್ರಾಣಿಗೆ 12 ವರ್ಷ ಆಗಿರ್ಲೇಬೇಕು. ಆದ್ರೆ ಸೀಸನ್ ಮುಗಿಯೋದ್ರೊಳಗೆ 12 ತುಂಬುತ್ತೆ ಅಂದ್ರೆ 11ರಲ್ಲೇ ಅರ್ಜಿ ಹಾಕ್ಬಹುದು, ಹುಟ್ಟಿದ ದಿನ ಬರೋವರೆಗೆ ಬೇಟೆ ಮಾಡೋ ಹಾಗಿಲ್ಲ ಅಷ್ಟೇ. ನಿಮ್ಮ ಮಗಳಿಗೆ ಆಗಸ್ಟ್ ಅಂದ್ರೆ ಈ ವರ್ಷದ ಅಕ್ಟೋಬರ್‌ಗೇ ಹೋಗ್ಬಹುದು. ಅದಕ್ಕೆ ಈಗ್ಲೇ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸ್ಬೇಕು. 1949ರ ಜನವರಿ 1 ಆದ್ಮೇಲೆ ಹುಟ್ಟಿದ ಯಾರಿಗೇ ಆಗ್ಲಿ ಇದು ಕಡ್ಡಾಯ, ಆ ಕಾರ್ಡ್ ನಂಬರ್ ಇಲ್ದೆ ಅರ್ಜಿನೇ ಹಾಕೋಕಾಗಲ್ಲ. ನನ್ನ ಸಲಹೆ, ನೀವೂ ಯಜಮಾನ್ರೂ ಅವಳ ಜೊತೆ ಕೂತು ಅದೇ ಕೋರ್ಸ್ ಮಾಡಿ, ನೀವು ಬೇಟೆಗೆ ಹೋಗದಿದ್ರೂ ಪರವಾಗಿಲ್ಲ. ಮಗು ಏನು ಕಲೀತಿದೆ ಅಂತ ತಂದೆ ತಾಯಿಗೆ ಗೊತ್ತಿದ್ರೆ ಅರ್ಧ ಭಯ ಅಲ್ಲೇ ಹೋಗುತ್ತೆ. ಖುದ್ದು ಹೋಗಿ ಕೂರೋ ಕ್ಲಾಸೇ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಬೇಲಿ ದಾಟುವಾಗ ಗನ್ ಹೇಗೆ ಕೆಳಗಿಡೋದು, ಒಬ್ರಿಂದ ಒಬ್ರಿಗೆ ಹೇಗೆ ಕೊಡೋದು, ಇದೆಲ್ಲ ಸ್ಕ್ರೀನ್ ನೋಡಿ ಕೈಗೆ ಹತ್ತಲ್ಲ.

ಆಮೇಲೆ ಡ್ರಾ, ಅಂದ್ರೆ ಲೈಸೆನ್ಸ್ ಲಾಟರಿ. ಅರ್ಜಿ ಮಾರ್ಚ್ 1ಕ್ಕೆ ಶುರುವಾಗಿ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತೆ, ಕೊನೇ ದಿನ ರಾತ್ರಿ ಕೂತು ಹಾಕೋ ಕೆಲಸ ಅಲ್ಲ ಇದು. ಅರ್ಜಿಗೆ ಮುಂಚೆ ಒಂದು ಕ್ವಾಲಿಫೈಯಿಂಗ್ (ಅರ್ಜಿ ಹಾಕೋ ಅರ್ಹತೆ ಕೊಡೋ) ಲೈಸೆನ್ಸ್ ಬೇಕು, ಮಕ್ಕಳ ಸ್ಮಾಲ್ ಗೇಮ್ (ಸಣ್ಣ ಪ್ರಾಣಿ ಬೇಟೆ) ಲೈಸೆನ್ಸ್ ತಗೊಂಡ್ರೆ ಸಾಕು, ಅದೇನೂ ದುಬಾರಿ ಅಲ್ಲ, ಬೇಕಾದ್ರೆ ಅದರಲ್ಲೇ ಮೊಲದ ಬೇಟೆಗೆ ಕರ್ಕೊಂಡು ಹೋಗಿ ಅಭ್ಯಾಸ ಮಾಡಿಸ್ಬಹುದು. 12ರಿಂದ 17ರ ಮಕ್ಕಳಿಗೆ ಇಲ್ಲಿ ಒಂದು ಒಳ್ಳೇ ಅನುಕೂಲ ಇದೆ, ಹೆಣ್ಣು ಎಲ್ಕ್ ಲೈಸೆನ್ಸ್‌ಗಳಲ್ಲಿ 15 ಪರ್ಸೆಂಟ್‌ವರೆಗೆ ಅವರಿಗೆ ಮೀಸಲು. ಅದಕ್ಕೇ ಮೊದಲ ವರ್ಷ ಕೊಂಬಿನ ಆಸೆ ಬಿಟ್ಟು ಕೌ ಟ್ಯಾಗ್‌ಗೇ (ಹೆಣ್ಣು ಎಲ್ಕ್ ಲೈಸೆನ್ಸ್‌ಗೇ) ಹಾಕಿ. ಸಿಗೋ ಸಾಧ್ಯತೆ ಜಾಸ್ತಿ, ಮಾಂಸ ಮೆತ್ತಗಿರುತ್ತೆ, ಮಗುಗೆ ಒತ್ತಡ ಕಮ್ಮಿ. ಇನ್ನೂ ಒಂದಿದೆ, ರೆಗ್ಯುಲರ್ ರೈಫಲ್ ಸೀಸನ್‌ನಲ್ಲಿ ಏನೂ ಸಿಗದಿದ್ರೆ ಅದೇ ಟ್ಯಾಗ್ ಇಟ್ಕೊಂಡು ಕೆಲವು ಯೂನಿಟ್‌ಗಳಲ್ಲಿ (ಬೇಟೆ ವಲಯಗಳಲ್ಲಿ) ಮಕ್ಕಳು ಚಳಿಗಾಲದ ಲೇಟ್ ಸೀಸನ್‌ಗೂ ಹೋಗ್ಬಹುದು. ಯಾವ ಯೂನಿಟ್ ಅಂತ ರಾಜ್ಯದ ವನ್ಯಜೀವಿ ಇಲಾಖೆ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್‌ನವರ ಆ ವರ್ಷದ ಬ್ರೋಷರ್‌ನಲ್ಲಿ ಇರುತ್ತೆ, ಹಳೇ ವರ್ಷದ್ದು ನೋಡ್ಬೇಡಿ.

16ರ ಒಳಗಿನ ಮಕ್ಕಳ ಜೊತೆ 18 ದಾಟಿದ, ಹಂಟರ್ ಎಜುಕೇಶನ್ ಆಗಿರೋ ದೊಡ್ಡವರು ಇರ್ಲೇಬೇಕು. ಬರೀ ಕ್ಯಾಂಪ್‌ನಲ್ಲಿದ್ರೆ ಆಗಲ್ಲ. ಬೈನಾಕ್ಯುಲರ್, ವಾಕಿಟಾಕಿ ಇಲ್ದೆ ಒಬ್ರಿಗೊಬ್ರು ಕಾಣೋ ಹಾಗೆ, ಮಾತು ಕೇಳೋ ಹಾಗೆ ಹತ್ರ ಇರ್ಬೇಕು. ರೈಫಲ್ ಸೀಸನ್‌ನಲ್ಲಿ 500 ಚದರ ಇಂಚು ಕಿತ್ತಳೆ ಇಲ್ಲ ಗುಲಾಬಿ ಫ್ಲೋರೊಸೆಂಟ್ ಬಟ್ಟೆ, ಜೊತೆಗೆ ಅದೇ ಬಣ್ಣದ ಟೋಪಿ. ಜೊತೆಗೆ ಹೋಗೋ ನೀವೂ ಹಾಕ್ಕೊಳ್ಳಿ.

ಗನ್ ವಿಷಯಕ್ಕೆ ಬಂದ್ರೆ, ಎಲ್ಕ್‌ಗೆ ಕಾನೂನಿನ ಪ್ರಕಾರ ಕನಿಷ್ಠ .24 ಕ್ಯಾಲಿಬರ್ (ನಳಿಗೆ ಅಗಲ, ಇಂಚಿನಲ್ಲಿ), 85 ಗ್ರೇನ್ ತೂಕದ ಬುಲೆಟ್. ಅಂದ್ರೆ .243 ನಡೆಯುತ್ತೆ, ಆದ್ರೆ ಎಲ್ಕ್ ಗಟ್ಟಿ ಪ್ರಾಣಿ, ಹೆಣ್ಣೇ 500 ಪೌಂಡ್ ಹತ್ರ ತೂಗುತ್ತೆ, ನಮ್ಮ ಕಾಡಿನ ಕಡವೆ ಗೊತ್ತಲ್ಲ, ಹೆಣ್ಣು ಕಡವೆಗಿಂತ ಎಷ್ಟೋ ದೊಡ್ಡದು. ನಾನಾಗಿದ್ರೆ 7ಎಂಎಂ-08 ಇಲ್ಲ 6.5 ಕ್ರೀಡ್‌ಮೂರ್ ರೈಫಲ್ ಕೊಡ್ತೀನಿ, ಎರಡೂ ಒದೆಯೋದು ಕಮ್ಮಿ. ಜೋರಾಗಿ ಒದೆಯೋ ದೊಡ್ಡ ಮ್ಯಾಗ್ನಮ್ ಕೊಟ್ರೆ ಮಗು ಟ್ರಿಗರ್ ಒತ್ತೋ ಮುಂಚೆನೇ ಕಣ್ಣು ಮುಚ್ಚುತ್ತೆ, ಆಮೇಲೆ ಆ ಅಭ್ಯಾಸ ಬಿಡಿಸೋಕೆ ಒಂದು ವರ್ಷ ಬೇಕು. ಕ್ಯಾಲಿಬರ್‌ಗಿಂತ ಮುಖ್ಯ ಅಳತೆ. ನನ್ನ ದೊಡ್ಡ ಮಗಳಿಗೆ ಒಂದು ಅಂಗಡಿಲಿ ದೊಡ್ಡವರ ರೈಫಲ್ಲೇ ಸಾಕು, ಬೆಳೀತಾಳೆ ಅಂದ್ರು, ನಾನು ನಂಬಿ ತಂದೆ. ಹಿಂಬದಿ ಕಟ್ಟಿಗೆ ಉದ್ದ ಆಗಿ ಅವಳು ಹಿಂದಕ್ಕೆ ವಾಲ್ಕೊಂಡು ನಿಲ್ತಿದ್ಲು, ಸ್ಕೋಪ್‌ನಲ್ಲಿ ಕಣ್ಣು ಕೂರ್ತಾ ಇರ್ಲಿಲ್ಲ, ಎರಡೇ ಗುಂಡಿಗೆ ಹೆಗಲು ಕೆಂಪಾಗಿ ಅಳು ಬಂತು. ಆಮೇಲೆ ಯೂತ್ ಸ್ಟಾಕ್, ಅಂದ್ರೆ ಮಕ್ಕಳ ಅಳತೆಯ ಹಿಂಬದಿ ಕಟ್ಟಿಗೆ, ಹಾಕಿಸಿದ್ವಿ, ಬೇರೆ ಹುಡುಗಿನೇ ಆದ್ಲು. ಗನ್ ಮನೇಲಿ ಇಡೋದಾದ್ರೆ ಬೀಗ ಹಾಕಿ ಇಡ್ಲೇಬೇಕು, ಮಕ್ಕಳಿರೋ ಮನೇಲಿ 2021ರಿಂದ ಇಲ್ಲಿ ಅದು ಕಾನೂನು.

ಅಭ್ಯಾಸ ಮೊದ್ಲು .22 ಅನ್ನೋ ಸಣ್ಣ ರೈಫಲ್‌ನಲ್ಲಿ, ಸದ್ದೂ ಕಮ್ಮಿ ಗುಂಡೂ ಅಗ್ಗ. ಕಿವಿಗೆ ಕಣ್ಣಿಗೆ ರಕ್ಷಣೆ ಇಲ್ದೆ ಒಂದು ಗುಂಡೂ ಬೇಡ. ಆಮೇಲೆ ದೊಡ್ಡ ರೈಫಲ್‌ನಲ್ಲಿ ಊಟದ ಪೇಪರ್ ತಟ್ಟೆ ಇಟ್ಟು, ಮಂಡಿಯೂರಿ, ಕೂತು, ಊರುಗೋಲಿನ ಮೇಲೆ ಇಟ್ಟು ಹೊಡೆಸಿ. ಎಷ್ಟು ದೂರದವರೆಗೆ ಹತ್ತಕ್ಕೆ ಹತ್ತೂ ತಟ್ಟೆಗೆ ಬೀಳುತ್ತೋ ಅಷ್ಟೇ ಅವಳ ದೂರ. 100 ಗಜ ಅಂದ್ರೆ 100 ಗಜ, ಕಾಡಿನಲ್ಲಿ ಎಲ್ಕ್ ನೋಡಿದ ತಕ್ಷಣ ಅದು 200 ಆಗ್ಬಾರ್ದು.

ಓದೋದೇ_ಕೆಲಸ

ವೀಸಾ ವಿಷಯಕ್ಕೆ ಮಾತ್ರ ಬರೀತೀನಿ. ಅಕ್ಕ, ಯಾರೋ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಚ್ 1 ಬಿ, ಎಚ್ 4 ಥರದ ನಾನ್ ಇಮಿಗ್ರಂಟ್ (ಕಾಯಂ ವಾಸಕ್ಕಲ್ಲದ) ವೀಸಾದಲ್ಲಿ ಇರೋರು ಗನ್ ಆಗ್ಲಿ ಗುಂಡಾಗ್ಲಿ ಇಟ್ಕೊಳ್ಳೋದು ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ. ಆದ್ರೆ ಅದೇ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ, ಅಮೆರಿಕಾದ ಯಾವುದಾದ್ರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ನಿಮ್ಮ ಹತ್ರ ಇದ್ರೆ ಆ ನಿಷೇಧ ಅನ್ವಯಿಸಲ್ಲ. ಲೈಸೆನ್ಸ್ ಅವಧಿ ಮುಗಿದ ದಿನ ಆ ವಿನಾಯಿತಿನೂ ಮುಗೀತು ಅಂತ ತಿಳ್ಕೊಳ್ಳಿ. ಗ್ರೀನ್ ಕಾರ್ಡ್ ಇರೋರಿಗೆ ಈ ತೊಡಕಿಲ್ಲ, ಮಗಳು ಇಲ್ಲಿ ಹುಟ್ಟಿದವಳು ಅಂದ್ರೆ ಅವಳಿಗೂ ಇಲ್ಲ.

ನನ್ನ ಮಾತು ಕೇಳಿ, ಗ್ರೀನ್ ಕಾರ್ಡ್ ಫೈಲ್ ನಡೀತಾ ಇರುವಾಗ ಸಣ್ಣ ತಪ್ಪೂ ದೊಡ್ಡದಾಗುತ್ತೆ. ಗನ್ ಮನೆಗೆ ತರೋದು ಬೇಡ್ವೇ ಬೇಡ, ಫ್ರೆಂಡ್ ಅಪ್ಪನ ಮನೇಲೇ ಅವರ ಸೇಫ್‌ನಲ್ಲೇ ಇರ್ಲಿ, ಗುಂಡಿನ ಡಬ್ಬಿ ಕೂಡ ನಿಮ್ಮ ಕಾರಿನಲ್ಲಿ ಬಿಟ್ಟು ಬರ್ಬೇಡಿ. ಯಜಮಾನ್ರಿಗೆ ಶೂಟಿಂಗ್ ರೇಂಜ್‌ನಲ್ಲಿ ಹೊಡೆಯೋ ಆಸೆ ಇದ್ರೆ ಮೊದ್ಲು ಲೈಸೆನ್ಸ್ ತಗೊಂಡು, ನಿಮ್ಮ ಇಮಿಗ್ರೇಶನ್ ವಕೀಲರನ್ನ ಒಂದು ಮಾತು ಕೇಳಿ ಆಮೇಲೆ ಮುಟ್ಲಿ.

ಕೊಡಗಿನ_ಕಕ್ಕಡ

ನಾನು ಮಡಿಕೇರಿ ಹತ್ತಿರದವನು, ಈಗ ಗನಿಸನ್ ಕಡೆ ಇದ್ದೀನಿ. ಕಾಗದ ಪತ್ರ, ಗನ್ನು ಎಲ್ಲ ಮೇಲಿನವ್ರು ಹೇಳಿದ್ದಾರೆ. ನಿಮ್ಮ ಕೊನೇ ಪ್ರಶ್ನೆಗೆ ಉತ್ತರ ಬರೀಬೇಕು ಅನ್ನಿಸ್ತು.

ನಮ್ಮ ಮನೇಲಿ ಕೋವಿ ಅಂದ್ರೆ ದೇವರ ಪಕ್ಕದ ವಸ್ತು. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ (ನಮ್ಮ ಆಯುಧ ಹಬ್ಬ) ದಿನ ಅಜ್ಜ ಕೋವಿ ಒರೆಸಿ, ಎಣ್ಣೆ ಹಾಕಿ, ನಳಿಗೆ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಗಿಸಿ ದೀಪದ ಮುಂದೆ ಇಡ್ತಿದ್ರು, ಪೂಜೆ ಆಗೋವರೆಗೆ ನಾವು ಮಕ್ಕಳು ಮುಟ್ಟೋ ಹಾಗಿರ್ಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ನಿಂತೋಯ್ತು, ನಾನು ಹುಟ್ಟಿದ್ದು ಆಮೇಲೆ, ಹಾಗಾಗಿ ಅಜ್ಜನ ಬಾಯಲ್ಲಿ ಕೇಳಿದ್ದು ಬಿಟ್ರೆ ಬೇಟೆ ನಾನು ನೋಡಿದ್ದೇ ಇಲ್ಲಿಗೆ ಬಂದ್ಮೇಲೆ. ಅಜ್ಜ ಯಾವಾಗ್ಲೂ ಹೇಳ್ತಿದ್ದದ್ದು ಒಂದೇ, ಕಂಡಿದ್ದಕ್ಕೆಲ್ಲ ಗುರಿ ಇಡೋನು ಬೇಟೆಗಾರ ಅಲ್ಲ ಅಂತ.

ನನ್ನ ಮಗಳು 13ರಲ್ಲಿ ಮೊದಲ ಕೌ ಟ್ಯಾಗ್ ತಗೊಂಡ್ಲು. ಎರಡನೇ ದಿನ ಬೆಳಿಗ್ಗೆ, ಸುಮಾರು 9,500 ಅಡಿ ಎತ್ತರ, ಆಸ್ಪೆನ್ ಮರಗಳ ಅಂಚಿನಲ್ಲಿ ಕೂತಿದ್ವಿ. ಮೊದ್ಲು ವಾಸನೆ ಬಂತು, ನಮ್ಮ ಊರಿನ ಕೊಟ್ಟಿಗೆ ವಾಸನೆನೇ, ಮಳೆಗಾಲದಲ್ಲಿ ಬಾಗಿಲು ತೆಗೆದ ಹಾಗೆ. ಆಮೇಲೆ ಒಂದೊಂದಾಗಿ ಹೆಣ್ಣು ಎಲ್ಕ್‌ಗಳು, ಏಳೆಂಟು, ತೊರೆ ದಾಟಿ ಬಂದ್ವು. ಒಂದು 80 ಗಜದಲ್ಲಿ ಅಡ್ಡ ನಿಂತು ನಮ್ಮ ಕಡೆ ಕಿವಿ ತಿರುಗಿಸ್ತು. ಬಾಯಿಂದ ಹೊಗೆ ಥರ ಉಸಿರು ಬರ್ತಾ ಇರೋದು ಕಾಣ್ತಿತ್ತು. ನಾನು ಅವಳ ಕಿವಿ ಹತ್ರ ಹೊಡಿ, ಹೊಡಿ ಅಂತ ಪಿಸುಗುಟ್ತಾ ಇದ್ದೆ. ಅವಳು ಹೊಡೀಲಿಲ್ಲ. ಸೇಫ್ಟಿ ವಾಪಸ್ ಹಾಕಿ ರೈಫಲ್ ಕೆಳಗಿಳಿಸಿ, ಅಪ್ಪ ನನ್ನ ಕೈ ನಡುಗ್ತಿದೆ, ಸರಿಯಾಗಿ ಬೀಳಲ್ಲ ಅಂದ್ಲು. ಎಲ್ಕ್ ಹೋಯ್ತು. ಕಾರ್ ಹತ್ರ ನಡ್ಕೊಂಡು ಹೋಗೋವಾಗ ನಾನು ಮಾತಾಡ್ಲಿಲ್ಲ, ಅವಳು ಅದನ್ನ ನನಗೆ ಬೇಜಾರಾಗಿದೆ ಅಂತ ತಿಳ್ಕೊಂಡ್ಲು. ನಿಜಕ್ಕೂ ನನಗೆ ನಾಚಿಕೆ ಆಗಿತ್ತು, ಹೊಡಿ ಅಂತ ಅಂದಿದ್ದಕ್ಕೆ. ರಾತ್ರಿ ಟೆಂಟ್‌ನಲ್ಲಿ ಅವಳ ಹತ್ರ ತಪ್ಪಾಯ್ತು ಕೂಸೇ ಅಂದೆ.

ಅಕ್ಕ, ಮಗು ರೆಡಿ ಇದೆಯಾ ಅಂತ ಕೇಳಿದ್ರಲ್ಲ. ಮುಂದೆ ಪ್ರಾಣಿ ನಿಂತಿರುವಾಗ, ಪಕ್ಕದಲ್ಲಿ ದೊಡ್ಡವರು ಕಾಯ್ತಿರುವಾಗ, ಬೇಡ ಅಂತ ಹೇಳೋ ಧೈರ್ಯ ಇದ್ರೆ ಮಗು ರೆಡಿ ಇದೆ. ಆ ಧೈರ್ಯ ನಾವು ಮೊದ್ಲೇ ಕೊಟ್ಟಿರ್ಬೇಕು. ಫ್ರೆಂಡ್ ಅಪ್ಪನ ಹತ್ರ ಈಗ್ಲೇ ಮಾತಾಡಿ, ಅವಳು ಹೊಡೀದೆ ವಾಪಸ್ ಬಂದ್ರೂ ಸಂತೋಷನೇ ಅಂತ ಅವಳ ಎದುರಿಗೇ ಹೇಳಿ. ಅಡ್ಡ ನಿಂತಿದ್ರೆ ಮಾತ್ರ, ಮುಂಗಾಲಿನ ಹಿಂದೆ ಎದೆಯ ಕೆಳ ಅರ್ಧಕ್ಕೆ, ಶ್ವಾಸಕೋಶಕ್ಕೆ. ಓಡ್ತಿದ್ರೆ ಇಲ್ಲ, ಹಿಂದೆ ಇನ್ನೊಂದು ಎಲ್ಕ್ ಇದ್ರೆ ಇಲ್ಲ, ಗುಡ್ಡದ ನೆತ್ತಿ ಮೇಲೆ ಆಕಾಶ ಹಿಂದಿಟ್ಕೊಂಡು ನಿಂತಿದ್ರೆ ಇಲ್ವೇ ಇಲ್ಲ, ಗುಂಡು ಎಲ್ಲಿ ಹೋಗಿ ಬೀಳುತ್ತೋ ಗೊತ್ತಿರಲ್ಲ.

ಮುಂದಿನ ವರ್ಷ ಅವಳು ಹೊಡೆದ್ಲು, 90 ಗಜ, ಒಂದೇ ಗುಂಡು. ಅರ್ಧ ಗಂಟೆ ಅಲ್ಲೇ ಕೂತ್ವಿ, ತಕ್ಷಣ ಹಿಂದೆ ಹೋದ್ರೆ ಗಾಯ ಆದ ಪ್ರಾಣಿ ಎದ್ದು ದೂರ ಓಡುತ್ತೆ. ಹತ್ರ ಹೋದಾಗ ಅವಳು ಗ್ಲೌಸ್ ಬಿಚ್ಚಿ ಅದರ ಕತ್ತಿನ ಮೇಲೆ ಕೈ ಇಟ್ಟು ಸುಮಾರು ಹೊತ್ತು ಕೂತಿದ್ಲು, ಅತ್ತಳು ಕೂಡ. ನಾನು ತಡೀಲಿಲ್ಲ. ಟ್ಯಾಗ್‌ಗೆ ಸೈನ್ ಹಾಕಿ ತಾರೀಖು ಬರೆದು ಕಿತ್ತಿದ್ದು ಅವಳೇ. ಆಮೇಲೆ ಶುರುವಾಗೋದೇ ನಿಜವಾದ ಕೆಲಸ, ಅದನ್ನ ಮಗುಗೆ ಮುಂಚೆನೇ ಹೇಳಿರಿ. ಬಿಸಿ ಇರೋವಾಗ್ಲೇ ಚರ್ಮ ಸುಲೀಬೇಕು, ಎಲ್ಕ್ ಚರ್ಮ ಕಂಬಳಿ ಇದ್ದ ಹಾಗೆ, ಬಿಟ್ರೆ ಹೊರಗೆ ಹಿಮ ಇದ್ರೂ ಒಳಗೆ ಮಾಂಸ ಕೆಡುತ್ತೆ. ನಾಲ್ಕು ಕಾಲು, ಬೆನ್ನಿನ ಎರಡೂ ಪಟ್ಟಿ, ಒಳಗಿನ ಟೆಂಡರ್‌ಲಾಯಿನ್ ಬಿಡಿಸಿ ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ ಕೊಂಬೆಗೆ ನೇತು ಹಾಕಿದ್ವಿ. ತಿನ್ನೋ ಮಾಂಸ ಕಾಡಿನಲ್ಲಿ ಬಿಟ್ಟು ಬರೋದು ಇಲ್ಲಿ ಅಪರಾಧ. ಹೆಣ್ಣು ಅಂತ ತೋರಿಸೋ ಗುರುತು ಮಾಂಸಕ್ಕೆ ಅಂಟ್ಕೊಂಡೇ ಇರ್ಬೇಕು, ಅದನ್ನ ಕತ್ತರಿಸಿ ಬಿಸಾಡ್ಬೇಡಿ. ಎರಡು ಮೈಲಿ, ಮೂರು ಸಲ ಹೊತ್ವಿ, ಅವಳು ಹೊತ್ತಿದ್ದು ಬೆನ್ನಿನ ಪಟ್ಟಿ ಇದ್ದ ಚೀಲ. ಎಲ್ಕ್‌ಗೆ ಮೇಲಿನ ದವಡೆಲಿ ಎರಡು ದಂತದ ಹಲ್ಲು ಇರುತ್ತೆ, ಹುಣಸೆ ಬೀಜದಷ್ಟು, ಅಂಚಿನಲ್ಲಿ ಕಂದು ಬಣ್ಣ. ಅದನ್ನ ತೆಗೆದು ಕೊಟ್ಟೆ, ಇವತ್ತಿಗೂ ಅವಳ ಓದೋ ಟೇಬಲ್ ಮೇಲಿದೆ.

ಧಾರವಾಡದಾಕಿ

ನಾವು ಧಾರವಾಡದವ್ರು ರೀ, ನಮ್ಮ ಮನ್ಯಾಗ ತತ್ತಿ ಸುದ್ದಾ ತರೂದಿಲ್ಲ. ಬ್ಯಾರೇಯವ್ರು ಏನ್ ತಿಂತಾರ ಅನ್ನೂದು ನನಗ ಸಂಬಂಧ ಇಲ್ಲ, ಆದ್ರ 12 ವರ್ಷದ ಕೂಸಿನ ಕೈಲೆ ಜೀವ ತಗಸೂದು ಓದಿ ಮನಸ್ಸಿಗೆ ಭಾಳ ತ್ರಾಸ ಆತು. ಮ್ಯಾಲಿನವ್ರು ಬರದದ್ದು ಓದೀನಿ, ಆ ಹುಡುಗಿ ಕೈ ಇಟ್ಟು ಅತ್ತದ್ದು ಓದಿ ನನಗೂ ಕಣ್ಣಾಗ ನೀರು ಬಂತು. ಆದ್ರೂ ಕೇಳ್ತೀನ್ರಿ, ಅಂಗಡ್ಯಾಗ ಎಲ್ಲಾ ಸಿಗೂವಾಗ ಇದು ಯಾಕ ಬೇಕು? ಕಾಡಿನ ಪ್ರಾಣಿ ಕಾಡಿನ್ಯಾಗ ಇರಲಿ ಅಲ್ಲೇನ್ರಿ?

ರಾಮನಗರ_ಟು_ರಾಕೀಸ್

@ಧಾರವಾಡದಾಕಿ ಅಕ್ಕಾರೇ, ನಿಮ್ಮ ಮಾತಿಗೆ ಗೌರವ ಇದೆ, ನನ್ನ ಹೆಂಡತಿ ಮನೆ ಕಡೆನೂ ಇದೇ ಕೇಳ್ತಾರೆ. ಇಲ್ಲಿನ ಕಥೆ ಸ್ವಲ್ಪ ಬೇರೆ. ಹೋದ ಶತಮಾನದ ಶುರುನಲ್ಲಿ ಮಾರಾಟಕ್ಕೆ ಅಂತ ಮನಸ್ಸಿಗೆ ಬಂದ ಹಾಗೆ ಹೊಡೆದು ಕೊಲೊರಾಡೊದಲ್ಲಿ ಎಲ್ಕ್ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು, ವಯೋಮಿಂಗ್ ಕಡೆಯಿಂದ ತಂದು ಬಿಟ್ಟು, ಲೆಕ್ಕ ಇಟ್ಟು ಲೈಸೆನ್ಸ್ ಕೊಟ್ಟು ಬೆಳೆಸಿದ್ರು. ಈಗ ಎರಡೂವರೆ ಲಕ್ಷಕ್ಕೂ ಜಾಸ್ತಿ ಇವೆ, ದೇಶದಲ್ಲೇ ಹೆಚ್ಚು. ಆ ಖರ್ಚಿನ ದೊಡ್ಡ ಪಾಲು ಬರೋದು ಲೈಸೆನ್ಸ್ ದುಡ್ಡಿಂದ, ಮತ್ತೆ 1937ರಿಂದ ಗನ್ನು ಗುಂಡಿನ ಮೇಲೆ ಹಾಕ್ತಿರೋ ಫೆಡರಲ್ ತೆರಿಗೆಯಿಂದ. ಪ್ರತಿ ಯೂನಿಟ್‌ಗೆ ಇಷ್ಟೇ ಟ್ಯಾಗ್ ಅಂತ ವರ್ಷಾ ವರ್ಷ ಲೆಕ್ಕ ಹಾಕಿ ಕೊಡ್ತಾರೆ, ನಮ್ಮ ದೇಶದ ಪರಿಸ್ಥಿತಿಗೆ ಇದನ್ನ ಹೋಲಿಸೋಕಾಗಲ್ಲ, ಅಲ್ಲಿ ನಿಷೇಧ ಇರೋದೇ ಸರಿ ಅಂತ ನಾನೂ ಅಂತೀನಿ. ಅಂಗಡಿ ಮಾಂಸ ತಿನ್ನೋ ನಮ್ಮಂಥೋರಿಗೆ ಆ ಜೀವ ಹೇಗೆ ಬದುಕಿತ್ತು ಹೇಗೆ ಹೋಯ್ತು ಅಂತ ಗೊತ್ತೇ ಇರಲ್ಲ, ಈ ಮಗು ಅದನ್ನೇ ಕೇಳಿದ್ದು. ತಿನ್ನದೇ ಇರೋ ನಿಮ್ಮ ದಾರಿ ನಿಮ್ಮದು, ಅದರಲ್ಲಿ ನನಗೆ ವಾದ ಇಲ್ಲ.

ಎಲ್ಲರಿಗೂ ಇನ್ನೊಂದು ಮಾತು ಬಿಟ್ಟೋಗಿತ್ತು. ಇಲ್ಲಿ ಜಿಂಕೆ ಎಲ್ಕ್‌ಗಳಿಗೆ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಒಂದು ಮೆದುಳಿನ ಕಾಯಿಲೆ ಇದೆ, ಮೊದ್ಲು ಕಂಡಿದ್ದೇ 1967ರಲ್ಲಿ ಫೋರ್ಟ್ ಕಾಲಿನ್ಸ್‌ನಲ್ಲಿ ಸಾಕಿದ್ದ ಜಿಂಕೆಗಳಲ್ಲಿ. ತಲೆ ಕೊಟ್ರೆ ಟೆಸ್ಟ್ ಮಾಡ್ತಾರೆ, ರಿಸಲ್ಟ್ ಬರೋವರೆಗೆ ಪ್ಯಾಕೆಟ್ ಮೇಲೆ ಗುರುತು ಹಾಕಿ ಫ್ರೀಜರ್‌ನಲ್ಲಿ ಬೇರೆ ಇಡಿ, ಪಾಸಿಟಿವ್ ಬಂದ್ರೆ ತಿನ್ನಬೇಡಿ. ಗುಂಡು ಆದಷ್ಟು ತಾಮ್ರದ್ದೇ ತಗೊಳ್ಳಿ, ಸೀಸದ್ದು ಪುಡಿಯಾಗಿ ಮಾಂಸದಲ್ಲಿ ಉಳಿಯುತ್ತೆ, ಮಕ್ಕಳಿಗೆ ಅದು ಒಳ್ಳೇದಲ್ಲ.

ತುಮಕೂರ್_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ರಾತ್ರಿ ಅವಳನ್ನ ಕೂರಿಸ್ಕೊಂಡು ಪೂರ್ತಿ ಓದಿ ಹೇಳಿದೆ (ಕನ್ನಡ ಓದೋಕೆ ನಿಧಾನ, ಅರ್ಥ ಆಗುತ್ತೆ). ಕೊಡಗಿನ ಅಣ್ಣ, ನಿಮ್ಮ ಮಗಳು ರೈಫಲ್ ಇಳಿಸಿದ ಕಡೆ ನಿಲ್ಲಿಸಿ, ಆಮೇಲೆ ಅವಳಿಗೆ ಯಾರಾದ್ರೂ ಬೈದ್ರಾ ಅಂತ ಕೇಳಿದ್ಲು. ಇಲ್ಲ, ಅಪ್ಪನೇ ಸಾರಿ ಕೇಳಿದ್ರು ಅಂದೆ. ಸುಮಾರು ಹೊತ್ತು ಸುಮ್ನಿದ್ದು ಹಾಗಿದ್ರೆ ನಾನು ಹೋಗ್ತೀನಿ ಅಂದ್ಲು.

ಮೂರೂ ಜನ ಸೇರಿ ಫೆಬ್ರವರಿ ಕ್ಲಾಸ್‌ಗೆ ಹೆಸರು ಕೊಟ್ಟಿದ್ದೀವಿ. ವಕೀಲರಿಗೆ ಮೇಲ್ ಹಾಕಿದ್ದಾರೆ ನಮ್ಮನೆಯವ್ರು, ಗನ್ ಫ್ರೆಂಡ್ ಮನೇಲೇ ಇರುತ್ತೆ. ಈಗ ಉಳಿದಿರೋದು ಚಳಿ ಮತ್ತೆ ನಡಿಗೆ. ಅವಳು ಸ್ಕೂಲ್‌ನಲ್ಲಿ ಸಾಕರ್ ಆಡ್ತಾಳೆ, ಆದ್ರೆ ಅಷ್ಟು ಎತ್ತರದಲ್ಲಿ ಬೆಳಗಿನ ಜಾವ ಕೂರೋದು?

ಕೊಡಗಿನ_ಕಕ್ಕಡ

ಒಳ್ಳೇದಾಯ್ತು ಅಕ್ಕ. ಮಕ್ಕಳು ಬೇಟೆ ಬಿಡೋದು ಬಹಳ ಸಲ ಕಾಲು ತಣ್ಣಗಾಗಿ. ಕಾಟನ್ ಸಾಕ್ಸ್, ಜೀನ್ಸ್ ಬೇಡ, ಒದ್ದೆಯಾದ್ರೆ ಒಣಗಲ್ಲ. ಉಣ್ಣೆ ಸಾಕ್ಸು ಎರಡು ಜೊತೆ, ಬೂಟು ಈಗ್ಲೇ ತಗೊಂಡು ಬೇಸಿಗೆ ಪೂರ್ತಿ ಬೆನ್ನಿಗೆ ಚೀಲ ಹಾಕಿ ಗುಡ್ಡ ಹತ್ತಿಸಿ, ಆದ್ರೆ ಆ ವಯಸ್ಸಿನಲ್ಲಿ ಕಾಲು ಬೆಳೆಯುತ್ತೆ, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಲ ಹಾಕಿಸಿ ನೋಡಿ. ಒಂದು ದಿನ ಮುಂಚೆನೇ ಮೇಲೆ ಹೋಗಿ ಮಲಗಿದ್ರೆ ತಲೆನೋವು ಕಮ್ಮಿ, ನೀರು ಜಾಸ್ತಿ ಕುಡಿಸಿ. ಜೇಬಲ್ಲಿ ಚಕ್ಕುಲಿ ಇಡ್ಬೇಡಿ, ಕಡಿದ್ರೆ ಸದ್ದಾಗುತ್ತೆ, ಕಡಲೆ ಮಿಠಾಯಿ ಬಾಯಲ್ಲಿಟ್ಕೊಂಡು ಚೀಪ್ಲಿ, ಇಲ್ಲ ಎಳ್ಳುಂಡೆ.

ಗಾಳಿ ಪಾಠ ಮನೆ ಹತ್ರದ ಗುಡ್ಡದಲ್ಲೇ ಕಲಿಸ್ಬಹುದು. ಸ್ವಲ್ಪ ಟಾಲ್ಕಮ್ ಪೌಡರ್ ಬೆರಳಲ್ಲಿ ಉದುರಿಸಿ ನೋಡೋಕೆ ಹೇಳಿ. ಬೆಳಗಿನ ಜಾವ ತಣ್ಣನೆ ಗಾಳಿ ಗುಡ್ಡದಿಂದ ಕೆಳಕ್ಕೆ ಇಳಿಯುತ್ತೆ, ಬಿಸಿಲು ಬಿದ್ಮೇಲೆ ಮೇಲಕ್ಕೆ ಏರುತ್ತೆ, ಸಂಜೆ ಮತ್ತೆ ಕೆಳಗೆ. ಎಲ್ಕ್ ಕಣ್ಣು ತಪ್ಪಿಸ್ಬಹುದು, ಮೂಗು ತಪ್ಪಿಸೋಕಾಗಲ್ಲ.

ಅದಕ್ಕೂ ಮುಂಚೆ ಸೆಪ್ಟೆಂಬರ್ ಕೊನೇಲಿ ಒಂದು ಸಂಜೆ ಎಸ್ಟೆಸ್ ಪಾರ್ಕ್ ಊರಿಗೆ ಕರ್ಕೊಂಡು ಹೋಗಿ, ನಿಮಗೆ ದೂರ ಇಲ್ಲ. ಪಕ್ಕದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಒಳಗೆ ಬೇಟೆ ಇಲ್ಲ, ಎಲ್ಕ್‌ಗಳು ಬಯಲಿಗೆ ಬಂದು ನಿಲ್ತವೆ, 75 ಅಡಿಗಿಂತ ಹತ್ರ ಹೋಗ್ಬೇಡಿ. ಗಂಡು ಎಲ್ಕ್ ಕೂಗೋದು ಕೇಳ್ಬೇಕು, ಹಳೇ ಬಾಗಿಲ ಕೀಲು ಕಿರುಗುಟ್ಟಿದ ಹಾಗೆ ಶುರುವಾಗಿ, ಕೊಳಲಿನ ಮೇಲಿನ ಸ್ವರಕ್ಕೆ ಏರಿ, ಕೊನೇಲಿ ಕೆಮ್ಮಿದ ಹಾಗೆ ನಿಲ್ಲುತ್ತೆ. ಹೆಣ್ಣುಗಳು ಮರಿ ಕರೆಯೋದು ಬೆಕ್ಕಿನ ಮಿಯಾವ್ ಥರ. ಗನ್ ಇಲ್ದೆ ಎರಡು ಗಂಟೆ ಸುಮ್ನೆ ಕೂತು ನೋಡ್ಲಿ, ಯಾವುದು ಹೆಣ್ಣು ಯಾವುದು ಮರಿ, ಅಡ್ಡ ನಿಂತಾಗ ಮುಂಗಾಲು ಎಲ್ಲಿರುತ್ತೆ ಅಂತ. ಧಾರವಾಡದ ಅಕ್ಕ, ನೀವೂ ಆ ಕಡೆ ಬಂದ್ರೆ ಇದನ್ನ ಖಂಡಿತ ನೋಡಿ.

ಮಾಂಸ ಸಿಕ್ಕಿದ್ರೆ ಹೇಳಿ. ಎಲ್ಕ್‌ನಲ್ಲಿ ಕೊಬ್ಬೇ ಇಲ್ಲ, ಹಂದಿ ಥರ ತನ್ನ ಎಣ್ಣೇಲೇ ಬೇಯಲ್ಲ, ಎಣ್ಣೆ ಸ್ವಲ್ಪ ಕೈ ಬಿಟ್ಟು ಹಾಕಿ ಸಣ್ಣ ಉರಿಯಲ್ಲಿ ಬೇಯಿಸ್ಬೇಕು. ನನ್ನ ಹತ್ರ ಊರಿಂದ ತಂದ ಕಾಚಂಪುಳಿ (ಮಾಂಸಕ್ಕೆ ಹಾಕೋ ಕೊಡಗಿನ ಹುಳಿ) ಇದೆ, ಒಂದು ಸಣ್ಣ ಬಾಟಲ್ ನಿಮಗೆ ಕಳಿಸ್ತೀನಿ.

ಧಾರವಾಡದಾಕಿ

ಎಸ್ಟೆಸ್ ಪಾರ್ಕಿಗೆ ಬರ್ತೀನ್ರಿ. ಸೆಪ್ಟೆಂಬರ್‌ದಾಗ ತಾರೀಖು ಗೊತ್ತಾದ್ರ ಇಲ್ಲೇ ಬರೀರಿ, ಆ ಹುಡುಗೀನ್ನೂ ಕಂಡಂಗಾಗ್ತದ, ಬರೂವಾಗ ಎಳ್ಳುಂಡಿ ನಾನೇ ಮಾಡ್ಕೊಂಡು ಬರ್ತೀನಿ.